ಎನ್‌ಐಸಿಯು ಮಾನಿಟರ್ ಡೇಟಾದಿಂದ ಸಂಶೋಧನೆ: ಪ್ರಶ್ನೆಯಿಂದ ಪ್ರಕಟಣೆವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಒಂದು ಮಗುವಿಗೆ ಸ್ಯಾಚುರೇಷನ್ ಪ್ರೋಬ್ (ರಕ್ತದ ಆಕ್ಸಿಜನ್ ಮಟ್ಟ ಅಳೆಯುವ ಸೆನ್ಸರ್) ಕಟ್ಟಿದರೆ, ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ದಿನಕ್ಕೆ 86,400 ಅಂಕಿ ಬರುತ್ತವೆ. ಇಸಿಜಿ ಅಲೆಯನ್ನು 250 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 250 ಸಲ, ಹಿಡಿದಿಟ್ಟರೆ ದಿನಕ್ಕೆ 2 ಕೋಟಿ 16 ಲಕ್ಷ ಬಿಂದುಗಳು. ಇದರಲ್ಲಿ ಕೇಸ್ ಶೀಟಿಗೆ ಇಳಿಯುವುದು ಗಂಟೆಗೊಂದು ಅಂಕಿ. ಉಳಿದದ್ದು ಕೆಲವು ದಿನ ಸೆಂಟ್ರಲ್ ಸ್ಟೇಷನ್‌ನಲ್ಲಿ (ಎಲ್ಲ ಬೆಡ್‌ಗಳ ಮಾನಿಟರ್ ಸೇರುವ ಕಂಪ್ಯೂಟರ್) ಇರುತ್ತದೆ. ಆಮೇಲೆ ಹೊಸ ಡೇಟಾ ಬಂದು ಹಳೆಯದು ಅಳಿಸಿಹೋಗುತ್ತದೆ.

ಹೀಗೆ ಅಳಿಸಿಹೋಗುವ ಡೇಟಾದಲ್ಲಿ ಏನಿರಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ್ದು. ರಕ್ತದ ಸೋಂಕು, ಅಂದರೆ ಸೆಪ್ಸಿಸ್, ಲಕ್ಷಣಗಳು ಎದ್ದು ಕಾಣುವ ಮೊದಲೇ ಮಗುವಿನ ಹೃದಯ ಬಡಿತದ ಏರಿಳಿತ ಕಡಿಮೆಯಾಗುತ್ತದೆ, ನಡುನಡುವೆ ಬಡಿತ ಸ್ವಲ್ಪ ಹೊತ್ತು ಇಳಿದು ಮತ್ತೆ ಏರುತ್ತದೆ ಎಂದು ಅಲ್ಲಿನವರು ಗಮನಿಸಿದರು. ಇದನ್ನು ಒಂದೇ ಅಂಕಿಯಾಗಿ ತೋರಿಸುವ ಹೀರೋ ಮಾನಿಟರ್ ಅನ್ನು 9 ಆಸ್ಪತ್ರೆಗಳ 3,003 ಮಕ್ಕಳಲ್ಲಿ ಪರೀಕ್ಷಿಸಿದರು. ಎಲ್ಲರೂ ತೀರಾ ಕಡಿಮೆ ತೂಕದ ಮಕ್ಕಳು. ಒಂದು ಗುಂಪಿನ ಅಂಕಿಯನ್ನು ಡಾಕ್ಟರ್‌ಗಳಿಗೆ ತೋರಿಸಿದರು, ಇನ್ನೊಂದರದ್ದನ್ನು ತೋರಿಸಲಿಲ್ಲ. 2011ರಲ್ಲಿ ಫಲಿತಾಂಶ ಬಂತು: ಅಂಕಿ ಕಾಣದಿದ್ದ ಗುಂಪಿನಲ್ಲಿ ಸಾವು 10.2%, ಕಾಣುತ್ತಿದ್ದ ಗುಂಪಿನಲ್ಲಿ 8.1%. ಇದಕ್ಕಾಗಿ ಮಗುವಿಗೆ ಹೆಚ್ಚಿಗೆ ಏನನ್ನೂ ಅಂಟಿಸಲಿಲ್ಲ. ಹೇಗೂ ಬರುತ್ತಿದ್ದ ಇಸಿಜಿಯೇ ಸಾಕಾಯಿತು.

ಈ ಬರಹ ಥೀಸಿಸ್ ವಿಷಯ ಹುಡುಕುತ್ತಿರುವ ಪಿಜಿಗಳಿಗೆ, ನವಜಾತ ಶಿಶು ತಜ್ಞರಿಗೆ, ಅವರ ಜೊತೆ ಕೆಲಸ ಮಾಡಲು ಬಂದ ಎಂಜಿನಿಯರ್‌ಗಳಿಗೆ. ಮೊದಲೇ ಒಂದು ಮಾತು. ಎಲ್ಲರಿಗೂ ಮಾಡೆಲ್ (ಡೇಟಾ ನೋಡಿ ರೋಗ ಊಹಿಸುವ ಕಂಪ್ಯೂಟರ್ ಲೆಕ್ಕ) ಕಟ್ಟುವ ಅವಸರ ಇರುತ್ತದೆ. ಅದು ಕೊನೆಯ ಹೆಜ್ಜೆ, ಸುಲಭದ ಹೆಜ್ಜೆ ಕೂಡ. ಈ ಡೇಟಾ ನಿಮ್ಮ ಸಂಶೋಧನೆಗೆಂದು ಹುಟ್ಟಿದ್ದಲ್ಲ, ಅಲಾರಂ ಹೊಡೆಯಲಿ ಎಂದು ಹುಟ್ಟಿದ್ದು. ಅಂಕಿಯ ಹಿಂದೆ ವಾರ್ಡಿನಲ್ಲಿ ಏನು ನಡೆಯಿತು ಎಂದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ ಉತ್ತರವೇನೋ ಬರುತ್ತದೆ, ಆದರೆ ತಪ್ಪು ಉತ್ತರ.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಮಾನಿಟರ್ ಡೇಟಾದಿಂದ ಸೆಪ್ಸಿಸ್ ಕಂಡುಹಿಡಿಯುವುದು" ಪ್ರಶ್ನೆಯಲ್ಲ, ಬರೀ ಆಸೆ. ಪ್ರಶ್ನೆ ಹೀಗಿರಲಿ: "32 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಲ್ಲಿ, ಹುಟ್ಟಿ 72 ಗಂಟೆಯ ನಂತರ ಬರುವ ಸೆಪ್ಸಿಸ್‌ಗೆ ಮುಂಚಿನ 24 ಗಂಟೆಯಲ್ಲಿ ಸ್ಯಾಚುರೇಷನ್ ಬೀಳುವ ಸಲಗಳು ಜಾಸ್ತಿಯಾಗುತ್ತವೆಯೇ?" ಯಾವ ಮಕ್ಕಳು, ಯಾವ ಕಾಲ, ಏನನ್ನು ಎಣಿಸುತ್ತೇವೆ ಎಲ್ಲವೂ ಇದರಲ್ಲಿದೆ. ಮುಂದಿನ ಹೆಜ್ಜೆಗಳಿಗೆಲ್ಲ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

"ಬೀಳುವುದು" ಅಂದರೆ ಎಷ್ಟು, ಎಷ್ಟು ಹೊತ್ತು ಎಂಬುದನ್ನೂ ಡೇಟಾ ನೋಡುವ ಮೊದಲೇ ಬರೆದಿಡಿ. ಹಿಂದೆ ಬಳಸಿದ ವ್ಯಾಖ್ಯೆ ಸಿಕ್ಕರೆ ಅದನ್ನೇ ಹಿಡಿಯುವುದು ಒಳ್ಳೆಯದು. ಕೆನಡಾದ ಆಕ್ಸಿಜನ್ ಟ್ರಯಲ್‌ನ ಮಕ್ಕಳ ಡೇಟಾ ಆಧರಿಸಿ 2015ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರಲ್ಲಿ 80%ಕ್ಕಿಂತ ಕೆಳಗೆ ಕನಿಷ್ಠ 10 ಸೆಕೆಂಡ್ ಇದ್ದರೆ ಒಂದು ಸಲ ಎಂದು ಎಣಿಸಿದ್ದರು. ಅವುಗಳಲ್ಲಿ ಮುಂದಿನ ಸಾವು ಅಥವಾ ಅಂಗವೈಕಲ್ಯದ ಜೊತೆ ನಂಟು ಕಂಡದ್ದು ಒಂದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿದ್ದವುಗಳಿಗೆ. ಹಾಗಾಗಿ ಚಿಕ್ಕವನ್ನೂ ಉದ್ದವಾದವನ್ನೂ ಬೇರೆ ಬೇರೆ ಎಣಿಸಿ.

ಸೆಪ್ಸಿಸ್ ಬೇಡವೆಂದರೆ ಬೇರೆ ಪ್ರಶ್ನೆಗಳಿಗೇನೂ ಕೊರತೆಯಿಲ್ಲ. ಆಕ್ಸಿಜನ್ ಮೇಲಿದ್ದಾಗ 95% ದಾಟಿ ಎಷ್ಟು ಹೊತ್ತು ಕಳೆಯಿತು, ಅದಕ್ಕೂ ಆರ್‌ಒಪಿಗೂ (ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ರೆಟಿನಾಕ್ಕೆ ಬರುವ ತೊಂದರೆ) ಏನು ಸಂಬಂಧ ಎಂದು ಕೇಳಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ಟೆಕ್ನಿಷಿಯನ್‌ಗಳೇ ಜಿಲ್ಲೆಗಳಿಗೆ ಹೋಗಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ಇಂಥ ತಪಾಸಣೆ ನಿಯಮಿತವಾಗಿ ನಡೆಯುವ ಕಡೆ, ಫಲಿತಾಂಶದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

2. ಅನುಮತಿ

"ಇದು ಹಳೆಯ ಡೇಟಾ, ಹೆಸರೂ ಇಲ್ಲ, ಎಥಿಕ್ಸ್ ಕಮಿಟಿ ಯಾಕೆ?" ಎಂದು ಕೇಳುವವರಿದ್ದಾರೆ. ವಿನಾಯಿತಿ ಸಿಗಬಹುದು. ಆದರೆ ಅದನ್ನು ಹೇಳಬೇಕಾದವರು ಕಮಿಟಿಯವರು, ನೀವಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಒಪ್ಪಿಗೆ ಪತ್ರದಿಂದ ವಿನಾಯಿತಿ ಕೇಳಲು ಅವಕಾಶವಿದೆ. ಈಗಾಗಲೇ ದಾಖಲಾದ ಡೇಟಾ, ಅಪಾಯ ಕನಿಷ್ಠ, ಪ್ರತಿ ತಂದೆತಾಯಿಯನ್ನು ಹುಡುಕಿ ಕೇಳುವುದು ಆಗದ ಮಾತು ಎಂದು ಕಾರಣಸಹಿತ ಬರೆಯಿರಿ. ಯಾರ ಕಂಪ್ಯೂಟರ್‌ನಲ್ಲಿ ಡೇಟಾ ಇರುತ್ತದೆ, ಹೆಸರಿನ ಪಟ್ಟಿ ಯಾರ ಬಳಿ ಇರುತ್ತದೆ, ಎಷ್ಟು ವರ್ಷದ ನಂತರ ಅಳಿಸುತ್ತೀರಿ ಎಂಬುದೂ ಅರ್ಜಿಯಲ್ಲಿರಲಿ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ: ಸರ್ಕಾರ ಹೇಳಿದ ಮಾನದಂಡ ಪಾಲಿಸಬೇಕು, ಮತ್ತು ಆ ಡೇಟಾ ಇಟ್ಟುಕೊಂಡು ಅದೇ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು. ಅಂದರೆ ಲೆಕ್ಕದ ಉತ್ತರವನ್ನು ಈಗ ಹಾಸಿಗೆಯಲ್ಲಿರುವ ಮಗುವಿನ ಚಿಕಿತ್ಸೆಗೆ ಬಳಸುವ ಯೋಚನೆ ಇದ್ದರೆ ದಾರಿ ಬೇರೆ. ಆಗ ಒಪ್ಪಿಗೆ ಬೇಕು.

ಇನ್ನು ಮುಂದೆ ಬರುವ ಮಕ್ಕಳ ಡೇಟಾ ಕೂಡಿಡುವುದಾದರೆ ತಾಯಿಯನ್ನು ಕೇಳಿಯೇ ಮಾಡಿ. ಫಾರ್ಮಿನ ಭಾಷೆ ವಕೀಲರ ಭಾಷೆ ಆಗುವುದು ಬೇಡ. ಬಾಯಲ್ಲಿ ಇಷ್ಟು ಹೇಳಿದರೆ ಅರ್ಥವಾಗುತ್ತದೆ: "ಅಮ್ಮ, ಮಗುಗೆ ಇದಕ್ಕಂತ ಹೊಸದಾಗಿ ಏನೂ ಚುಚ್ಚಲ್ಲ, ಏನೂ ಅಂಟಿಸಲ್ಲ. ಈ ಮಿಷಿನ್‌ನಲ್ಲಿ ಬರೋ ನಂಬರ್‌ಗಳನ್ನ ಹೆಸರು ತೆಗೆದು ಇಟ್ಕೋತೀವಿ. ನೀವು ಬೇಡ ಅಂದ್ರೂ ಟ್ರೀಟ್‌ಮೆಂಟ್ ಹಿಂಗೇ ಇರುತ್ತೆ." ಹೆರಿಗೆಯಾದ ದಿನವೇ, ನೋವಿನಲ್ಲಿರುವವರ ಬಳಿ ಸಹಿಗೆ ಹೋಗಬೇಡಿ.

3. ಅಂಕಿ ಹೇಗೆ ಹುಟ್ಟುತ್ತದೆ ಎಂದು ವಾರ್ಡಿನಲ್ಲಿ ನಿಂತು ನೋಡಿ

ಎಂಜಿನಿಯರ್‌ಗಳು ಸಾಮಾನ್ಯವಾಗಿ ಹಾರಿಸುವ ಹೆಜ್ಜೆ ಇದು. ಡೇಟಾ ಫೈಲ್ ಮುಟ್ಟುವ ಮೊದಲು ಬೆಳಗಿನ, ಸಂಜೆಯ, ರಾತ್ರಿಯ ಡ್ಯೂಟಿಯಲ್ಲಿ ಒಮ್ಮೊಮ್ಮೆಯಾದರೂ ನಿಂತು ನೋಡಿ. ಸಿಸ್ಟರ್‌ಗಳನ್ನು ಕೇಳಿ. ಯಾವ ಬೆಡ್‌ನ ಮಾನಿಟರ್ ಸುಮ್ನೆ ಕೂಗುತ್ತದೆ, ಯಾವ ಪ್ರೋಬ್ ಹಳೆಯದಾಗಿದೆ ಎಂದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಮುಖ್ಯವಾಗಿ ಬರೆದುಕೊಳ್ಳಬೇಕಾದ್ದು ಆಕ್ಸಿಮೀಟರ್‌ನ ಸರಾಸರಿ ಸಮಯ. ಪರದೆ ಮೇಲಿನ ಸ್ಯಾಚುರೇಷನ್ ಆ ಕ್ಷಣದ್ದಲ್ಲ, ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ. ಕೆಲವು ಯಂತ್ರಗಳಲ್ಲಿ ಇದನ್ನು 2ರಿಂದ 16 ಸೆಕೆಂಡಿನವರೆಗೆ ಬದಲಾಯಿಸಬಹುದು. ಸರಾಸರಿ ಸಮಯ ಉದ್ದವಾದರೆ ಚಿಕ್ಕ ಬೀಳುವಿಕೆಗಳು ಮಾಯವಾಗುತ್ತವೆ. ಹತ್ತಿರ ಹತ್ತಿರದ ಎರಡು ಸೇರಿ ಒಂದೇ ಉದ್ದದ್ದಾಗಿ ಕಾಣುತ್ತವೆ. ಅಲಾರಂ ಕಾಟ ತಪ್ಪಲಿ ಎಂದು ಯಾರೋ ಈ ಸೆಟ್ಟಿಂಗ್ ಬದಲಾಯಿಸಿರುತ್ತಾರೆ. ನಿಮ್ಮ ಗ್ರಾಫ್‌ನಲ್ಲಿ ಆ ತಿಂಗಳಿಂದ ಮಕ್ಕಳ ಆರೋಗ್ಯ ಸುಧಾರಿಸಿದಂತೆ ಕಾಣುತ್ತದೆ! ಹಾಗಾಗಿ ಬಯೋಮೆಡಿಕಲ್ ವಿಭಾಗದಿಂದ ಪ್ರತಿ ಮಾನಿಟರ್‌ನ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ಸರಾಸರಿ ಸಮಯ, ಬದಲಾವಣೆಯ ತಾರೀಖು ಪಡೆದುಕೊಳ್ಳಿ.

ಸಾಫ್ಟ್‌ವೇರ್ ಆವೃತ್ತಿ ಅಷ್ಟು ಮುಖ್ಯವೇ ಎನ್ನುವವರಿಗೆ ಬೂಸ್ಟ್-2 ಟ್ರಯಲ್‌ಗಳ ಕಥೆ ಹೇಳಬೇಕು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆದ ಈ ಟ್ರಯಲ್‌ಗಳಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಸ್ಯಾಚುರೇಷನ್ ಅನ್ನು 85–89%ರಲ್ಲಿ ಇಡಬೇಕೋ 91–95%ರಲ್ಲೋ ಎಂದು ನೋಡುತ್ತಿದ್ದರು. ಮಧ್ಯದಲ್ಲಿ ಬ್ರಿಟನ್ನಿನವರಿಗೆ ಒಂದು ವಿಚಿತ್ರ ಕಂಡಿತು. 87ರಿಂದ 90ರ ನಡುವಿನ ಅಂಕಿಗಳು ಇರಬೇಕಾದ್ದಕ್ಕಿಂತ ಕಡಿಮೆ. ಕಾರಣ ಮಕ್ಕಳಲ್ಲಿರಲಿಲ್ಲ, ಆಕ್ಸಿಮೀಟರ್ ಒಳಗಿನ ಕ್ಯಾಲಿಬ್ರೇಷನ್‌ನಲ್ಲಿತ್ತು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಟ್ರಯಲ್ ನಡೆಯುತ್ತಿರುವಾಗಲೇ ಸಾಫ್ಟ್‌ವೇರ್ ಬದಲಾಯಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊಸ ಸಾಫ್ಟ್‌ವೇರ್ ಬಳಸಿದ ಮಕ್ಕಳಲ್ಲಿ ಸಾವಿನ ಪ್ರಮಾಣ ಕೆಳಗಿನ ಗುರಿಯ ಗುಂಪಿನಲ್ಲಿ 23.1%, ಮೇಲಿನ ಗುರಿಯ ಗುಂಪಿನಲ್ಲಿ 15.9%. ಹಳೆಯ ಸಾಫ್ಟ್‌ವೇರ್ ಇದ್ದವರಲ್ಲಿ ಈ ಅಂತರ ಕಾಣಲಿಲ್ಲ. ಅಂಕಿಗಳ ಹರಡುವಿಕೆಯನ್ನು ಬರೀ ಒಂದು ಹಿಸ್ಟೋಗ್ರಾಂ ಮಾಡಿ ನೋಡುವುದಕ್ಕೆ ಎಷ್ಟು ಬೆಲೆ ಇದೆ ಅಲ್ವಾ?

ಪ್ರೋಬ್ ಬಲಗೈಯಲ್ಲಿದೆಯೋ ಕಾಲಿನಲ್ಲಿದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಿಡಿಎ (ಹುಟ್ಟಿದ ಮೇಲೆ ಮುಚ್ಚಬೇಕಿದ್ದು, ತೆರೆದೇ ಉಳಿದ ಹೃದಯದ ಬಳಿಯ ರಕ್ತನಾಳ) ಮೂಲಕ ರಕ್ತ ಬಲದಿಂದ ಎಡಕ್ಕೆ ಹರಿಯುವ ಮಗುವಿನಲ್ಲಿ ಎರಡೂ ಕಡೆ ಒಂದೇ ಅಂಕಿ ಬರುವುದಿಲ್ಲ. ಚರ್ಮ ಕೆಡಬಾರದೆಂದು ಪ್ರೋಬ್ ಜಾಗ ಆಗಾಗ ಬದಲಾಗುತ್ತದೆ, ಆದರೆ ಅದನ್ನು ಯಾರೂ ಬರೆದಿಡುವುದಿಲ್ಲ. ನಮ್ಮಲ್ಲಿ ತುಂಬಾ ಕಡೆ ಮೆತ್ತನೆ ಚರ್ಮದ ಮಕ್ಕಳಿಗೆ ಇಸಿಜಿ ಸ್ಟಿಕ್ಕರ್ ಹಾಕದೆ ಬರೀ ಪ್ರೋಬ್‌ನಲ್ಲೇ ನಡೆಸುತ್ತಾರೆ. ಹಾಗಾದರೆ ನಿಮ್ಮ ಬಳಿ ಇರುವುದು ನಾಡಿ ಬಡಿತ, ಹೃದಯ ಬಡಿತವಲ್ಲ. ವರ್ಜೀನಿಯಾದವರು ನೋಡಿದ ಸೂಕ್ಷ್ಮ ಏರಿಳಿತವನ್ನು ಅದರಲ್ಲಿ ಹುಡುಕಬೇಡಿ.

4. ಡೇಟಾ ಹೊರತೆಗೆಯುವುದು

ಮೂರು ದಾರಿಗಳಿವೆ. ಮಾನಿಟರ್ ಅಥವಾ ಸೆಂಟ್ರಲ್ ಸ್ಟೇಷನ್‌ನಿಂದ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಬಹುದು. ಹೆಚ್ಚಾಗಿ ನಿಮಿಷಕ್ಕೊಂದು ಅಂಕಿಯಷ್ಟೇ ಸಿಗುತ್ತದೆ. ಎರಡನೆಯದು, ಸೆಂಟ್ರಲ್ ಸ್ಟೇಷನ್ ಎಚ್‌ಎಲ್7 (ಆಸ್ಪತ್ರೆ ಕಂಪ್ಯೂಟರ್‌ಗಳು ಡೇಟಾ ಹಂಚಿಕೊಳ್ಳುವ ಮಾನಕ ರೂಪ) ಸಂದೇಶ ಕಳಿಸುವಂತಿದ್ದರೆ ಅದನ್ನು ಒಂದು ಸರ್ವರ್‌ನಲ್ಲಿ ಹಿಡಿಯುವುದು. ಇದಕ್ಕೆ ಕಂಪನಿಯ ಲೈಸೆನ್ಸ್ ಬೇಕಾಗಬಹುದು. ಮೂರನೆಯದು, ಬೆಡ್ ಪಕ್ಕದ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ದಾಖಲಿಸುವುದು. ದಕ್ಷಿಣ ಕೊರಿಯಾದ ಸೋಲ್ ನಗರದ ತಂಡವೊಂದು ಮಾಡಿದ ವೈಟಲ್ ರೆಕಾರ್ಡರ್ ಎಂಬ ಉಚಿತ ಸಾಫ್ಟ್‌ವೇರ್ ಹಲವು ಕಂಪನಿಗಳ ಮಾನಿಟರ್‌ಗಳನ್ನು ಓದುತ್ತದೆ.

ನಮ್ಮ ಉದಾಹರಣೆಗೆ ನಿಮಿಷಕ್ಕೊಂದು ಅಂಕಿ ಸಾಲದು. 10 ಸೆಕೆಂಡಿನ ಬೀಳುವಿಕೆ ಅದರಲ್ಲಿ ಕಾಣುವುದೇ ಇಲ್ಲ. ಸೆಕೆಂಡಿಗೊಂದು ಬೇಕು. ಅಲೆರೂಪ ಬೇಡದಿದ್ದರೆ ಅದನ್ನು ಕೂಡಿಡಬೇಡಿ, ಡಿಸ್ಕ್ ಬೇಗ ತುಂಬುತ್ತದೆ. ಮತ್ತೆ, ಮಾನಿಟರ್ ನೆಟ್‌ವರ್ಕ್‌ಗೆ ನಿಮ್ಮದೇ ಬಾಕ್ಸ್ ಜೋಡಿಸುವ ಮೊದಲು ಬಯೋಮೆಡಿಕಲ್ ಎಂಜಿನಿಯರ್ ಒಪ್ಪಿಗೆ ಲಿಖಿತವಾಗಿ ಇರಲಿ. ಅಲಾರಂ ನಿಂತುಹೋದರೆ ಸಂಶೋಧನೆ ಮಾತ್ರವಲ್ಲ, ಜೀವದ ಪ್ರಶ್ನೆ.

5. ಯಾವ ಮಗು, ಎಷ್ಟು ಗಂಟೆಗೆ?

ಮಾನಿಟರ್‌ಗೆ ಗೊತ್ತಿರುವುದು ಬೆಡ್ ನಂಬರ್ ಮಾತ್ರ. ಬೆಡ್ 4ರಲ್ಲಿದ್ದ ಮಗು ಮಧ್ಯಾಹ್ನ ಸ್ಟೆಪ್‌ಡೌನ್‌ಗೆ (ಚೇತರಿಸಿದ ಮಕ್ಕಳ ವಾರ್ಡ್) ಹೋಯಿತು, ಸಂಜೆ ಇನ್ನೊಂದು ಮಗು ಬಂತು. ಮಾನಿಟರ್‌ನಲ್ಲಿ ಯಾರೂ ಡಿಸ್ಚಾರ್ಜ್ ಒತ್ತಲಿಲ್ಲ. ಈಗ ಎರಡು ಮಕ್ಕಳು ಒಂದೇ ಫೈಲ್‌ನಲ್ಲಿ. ಹೆಸರಿನಿಂದಲೂ ಬಿಡಿಸಲಾಗದು. ಏಕೆಂದರೆ ಮಗುವಿಗೆ ಇನ್ನೂ ಹೆಸರೇ ಇಲ್ಲ, ಇರುವುದು "ಬೇಬಿ ಆಫ್" ಎಂದು ತಾಯಿಯ ಹೆಸರು. ಒಂದೇ ವಾರದಲ್ಲಿ ಒಂದೇ ಹೆಸರಿನ ಇಬ್ಬರು ತಾಯಂದಿರು ಇರುವುದು ಮಾಮೂಲಿ. ಅವಳಿ ಮಕ್ಕಳಾದರೆ ಟ್ವಿನ್ 1, ಟ್ವಿನ್ 2 ಅದಲುಬದಲಾಗುವ ಭಯ ಬೇರೆ.

ಪರಿಹಾರ ಬೇಜಾರಿನದ್ದು, ಆದರೆ ಬೇರೆ ದಾರಿಯಿಲ್ಲ. ಬೆಡ್ ಬದಲಾವಣೆಯ ಪಟ್ಟಿಯನ್ನು ಆಸ್ಪತ್ರೆ ನಂಬರ್ ಸಮೇತ ನರ್ಸಿಂಗ್ ರಿಜಿಸ್ಟರ್‌ನಿಂದ ಕಟ್ಟಿ. ಪ್ರತಿ ಮಗುವಿನ ಶುರು ಮತ್ತು ಕೊನೆಯ ಸಮಯದ ಸುತ್ತ ಒಂದು ಗಂಟೆಯ ಡೇಟಾವನ್ನು ಕಣ್ಣಿನಿಂದ ನೋಡಿ. ನಡುವೆ ಪ್ರೋಬ್ ತೆಗೆದ ಖಾಲಿ ಜಾಗ ಕಾಣಬೇಕು. ಕಾಣದಿದ್ದರೆ ಅನುಮಾನ ಪಡಿ. ಯಾರದ್ದೆಂದು ಖಚಿತವಾಗದ ಗಂಟೆಗಳನ್ನು ಬಿಟ್ಟುಬಿಡಿ.

ಗಡಿಯಾರಗಳದ್ದು ಇನ್ನೊಂದು ರಗಳೆ. ಮಾನಿಟರ್, ವೆಂಟಿಲೇಟರ್, ಲ್ಯಾಬ್ ಕಂಪ್ಯೂಟರ್, ಗೋಡೆ ಗಡಿಯಾರ, ಸಿಸ್ಟರ್ ಕೈಗಡಿಯಾರ, ಎಲ್ಲವೂ ಬೇರೆ ಬೇರೆ ಸಮಯ ತೋರಿಸಬಹುದು. ವಾರಕ್ಕೊಮ್ಮೆ ಮೊಬೈಲ್ ಸಮಯದ ಪಕ್ಕ ಪ್ರತಿ ಮಾನಿಟರ್ ಪರದೆಯ ಸಮಯ ಬರೆದಿಡಿ, ವ್ಯತ್ಯಾಸ ಆಮೇಲೆ ಸರಿಪಡಿಸಬಹುದು. ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ಬರೆದು, ಕೇಸ್ ಶೀಟ್ ನಮ್ಮ ಸಮಯದಲ್ಲಿದ್ದರೆ ಐದೂವರೆ ಗಂಟೆ ಅಂತರ. "ಸೆಪ್ಸಿಸ್‌ಗೆ ಐದಾರು ಗಂಟೆ ಮೊದಲೇ ಸುಳಿವು ಸಿಕ್ಕಿತು" ಎಂದು ಖುಷಿಪಡುವ ಮೊದಲು ಇದನ್ನು ನೋಡಿಕೊಳ್ಳಿ.

6. ಶುಚಿ ಮಾಡುವುದು, ಅತಿ ಶುಚಿ ಮಾಡದಿರುವುದು

ಪ್ರೋಬ್ ಕಳಚಿದಾಗ ಕೆಲವು ಯಂತ್ರ 0 ಬರೆಯುತ್ತವೆ, ಕೆಲವು −1, ಕೆಲವು ಖಾಲಿ ಬಿಡುತ್ತವೆ. ಮೊದಲು ಅವನ್ನೆಲ್ಲ "ಡೇಟಾ ಇಲ್ಲ" ಎಂದು ಒಂದೇ ರೀತಿ ಮಾಡಿ. 96ರಿಂದ ಒಂದೇ ಸೆಕೆಂಡಿನಲ್ಲಿ 40ಕ್ಕೆ ಹಾರಿದ್ದು ಮಗುವಿನದ್ದಲ್ಲ. ಇಸಿಜಿ ಇದ್ದರೆ ಒಂದು ಒಳ್ಳೆಯ ಪರೀಕ್ಷೆ ಇದೆ: ಇಸಿಜಿಯ ಬಡಿತವೂ ಪ್ರೋಬ್‌ನ ನಾಡಿಯೂ ತುಂಬಾ ದೂರ ಇದ್ದರೆ ಆ ಹೊತ್ತಿನ ಸ್ಯಾಚುರೇಷನ್ ನಂಬಬೇಡಿ.

ಅಳಿಸಬೇಡಿ, ಗುರುತು ಹಾಕಿ. ಮೂಲ ಫೈಲ್ ಹಾಗೇ ಇರಲಿ. ಯಾವ ನಿಯಮದಿಂದ ಯಾವ ಸೆಕೆಂಡ್ ಬಿಟ್ಟಿರಿ ಎಂದು ಇನ್ನೊಂದು ಕಾಲಂನಲ್ಲಿ ಇರಲಿ. ಯಾಕೆಂದರೆ ನಿಜವಾದ ಅಪಾಯ ಇಲ್ಲಿದೆ. ತೀರಾ ಹುಷಾರಿಲ್ಲದ ಮಗುವಿನ ಕೈಕಾಲು ತಣ್ಣಗಿರುತ್ತದೆ, ರಕ್ತ ಸಂಚಾರ ಕಡಿಮೆ, ಸಿಗ್ನಲ್ ಕೆಟ್ಟದಾಗಿ ಬರುತ್ತದೆ. "ಕೆಟ್ಟ ಸಿಗ್ನಲ್" ಎಂದು ಕಣ್ಣುಮುಚ್ಚಿ ತೆಗೆದರೆ ನೀವು ಹುಡುಕುತ್ತಿರುವ ಮಕ್ಕಳನ್ನೇ ತೆಗೆದ ಹಾಗೆ. ಆದ್ದರಿಂದ ಪ್ರತಿ ಮಗುವಿಗೆ ಎಷ್ಟು ಶೇಕಡಾ ಡೇಟಾ ಬಿಟ್ಟುಹೋಯಿತು ಎಂದು ಲೆಕ್ಕ ಹಾಕಿ. ಸೆಪ್ಸಿಸ್ ಬಂದವರಲ್ಲಿ ಅದು ಜಾಸ್ತಿ ಇದ್ದರೆ ಅದೇ ಒಂದು ಸುಳಿವು.

ಖಾಲಿ ಜಾಗ ತುಂಬುವ ಆಸೆಯೂ ಬೇಡ. ಕೆಲವು ಸೆಕೆಂಡ್ ಪರವಾಗಿಲ್ಲ. ಕಾಂಗರೂ ಆರೈಕೆಗೆ ತಾಯಿಯ ಎದೆ ಮೇಲೆ ಮಲಗಿಸಿದ ಒಂದು ಗಂಟೆಯನ್ನು ಗೆರೆ ಎಳೆದು ತುಂಬಬಾರದು. ಎಣಿಕೆಯನ್ನು "ದಿನಕ್ಕೆ ಇಷ್ಟು" ಎನ್ನುವ ಬದಲು "ಸರಿಯಾದ ಡೇಟಾ ಇದ್ದ ಪ್ರತಿ ಗಂಟೆಗೆ ಇಷ್ಟು" ಎಂದು ಹೇಳಿ. ನಿಯಮ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಯಾದೃಚ್ಛಿಕವಾಗಿ ಕೆಲವು ನೂರು ತುಣುಕು ಆರಿಸಿ, ಇಬ್ಬರು ಬೇರೆ ಬೇರೆ ಕೂತು ನಿಜವೋ ಸುಳ್ಳೋ ಗುರುತು ಹಾಕಲಿ. ಅವರಿಬ್ಬರೇ ಒಪ್ಪದಿದ್ದರೆ ಕಂಪ್ಯೂಟರ್ ಒಪ್ಪುವುದು ಹೇಗೆ?

7. ಸ್ಯಾಚುರೇಷನ್ ಒಂದೇ ಸಾಲದು

95% ಎಂಬ ಅಂಕಿಗೆ ಒಂಟಿಯಾಗಿ ಅರ್ಥವಿಲ್ಲ. ಬರೀ ಗಾಳಿಯಲ್ಲಿ 95 ಬೇರೆ, 60% ಆಕ್ಸಿಜನ್‌ನಲ್ಲಿ 95 ಬೇರೆ. ಆದರೆ ಎಷ್ಟು ಆಕ್ಸಿಜನ್ ಕೊಟ್ಟರು ಎಂಬುದು ಗಾಳಿ, ಆಕ್ಸಿಜನ್ ಬೆರೆಸುವ ಬ್ಲೆಂಡರ್‌ನ ಗುಂಡಿಯಲ್ಲಿರುತ್ತದೆ, ಕೈಬರಹದ ಚಾರ್ಟ್‌ನಲ್ಲಿರುತ್ತದೆ, ಮಾನಿಟರ್‌ನಲ್ಲಿರುವುದಿಲ್ಲ. ಅದನ್ನು ಕೂತು ಟೈಪ್ ಮಾಡಬೇಕು. ಜೊತೆಗೆ ಉಸಿರಾಟಕ್ಕೆಂದು ಕೊಡುವ ಕೆಫೀನ್ ಯಾವಾಗ ಶುರುವಾಯಿತು, ಯಾವಾಗ ನಿಂತಿತು, ರಕ್ತ ಯಾವಾಗ ಕೊಟ್ಟರು, ಉಸಿರಾಟದ ಟ್ಯೂಬ್ ಯಾವಾಗ ತೆಗೆದರು, ಕಣ್ಣಿನ ಪರೀಕ್ಷೆ ಯಾವ ದಿನ ಎಂಬುದೂ ಬೇಕು. ಇವೆಲ್ಲ ಉಸಿರಾಟವನ್ನು ಅಲ್ಲಾಡಿಸುತ್ತವೆ. ಹುಟ್ಟಿದಾಗಿನ ಗರ್ಭದ ವಾರ, ತೂಕ, ಮತ್ತು ಆ ದಿನಕ್ಕೆ ಒಟ್ಟು ಎಷ್ಟು ವಾರವಾಯಿತು ಎಂಬುದು ಇಲ್ಲದಿದ್ದರೆ ವಿಶ್ಲೇಷಣೆಗೇ ಕೂರಬೇಡಿ.

8. ಫಲಿತಾಂಶವೂ ಡೇಟಾವೂ ಒಂದನ್ನೊಂದು ತಿನ್ನುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸೆಪ್ಸಿಸ್ ಶುರುವಾದ ಸಮಯ ಯಾವುದು? ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ) ರಿಪೋರ್ಟ್ ಬಂದ ಸಮಯವಂತೂ ಅಲ್ಲ, ಅದು ಒಂದೆರಡು ದಿನ ತಡ. ರಕ್ತ ತೆಗೆದ ಸಮಯ ಹಿಡಿಯಬೇಕು. ಆದರೆ ಡ್ಯೂಟಿ ಡಾಕ್ಟರ್ ರಕ್ತ ತೆಗೆದದ್ದು ಯಾಕೆ? ಮಗುವಿನ ಸ್ಯಾಚುರೇಷನ್ ಪದೇಪದೇ ಬೀಳುತ್ತಿದೆ ಎಂದು ಸಿಸ್ಟರ್ ಹೇಳಿದ್ದಕ್ಕೆ. ಅಂದರೆ ಕಲ್ಚರ್‌ಗೆ ಮುಂಚೆ ಬೀಳುವಿಕೆ ಜಾಸ್ತಿ ಇದ್ದೇ ಇರುತ್ತದೆ. ರೋಗ ಇದ್ದರೂ, ಇಲ್ಲದಿದ್ದರೂ!

ಹೋಲಿಕೆಗೆ ಆರೋಗ್ಯವಾಗಿದ್ದ ಮಕ್ಕಳನ್ನು ಮಾತ್ರ ತೆಗೆದುಕೊಂಡರೆ ಚೆಂದದ ವ್ಯತ್ಯಾಸ ಸಿಗುತ್ತದೆ, ಆದರೆ ಅದು ಡಾಕ್ಟರ್‌ಗೆ ಬಂದ ಅನುಮಾನದ ವ್ಯತ್ಯಾಸ. ಇನ್ನೊಂದು ಗುಂಪು ಸೇರಿಸಿ: ಅನುಮಾನದಿಂದ ರಕ್ತ ತೆಗೆದು, ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಆಂಟಿಬಯೋಟಿಕ್ ಬೇಗ ನಿಲ್ಲಿಸಿದ ಮಕ್ಕಳು. ಇವರಿಗೂ ನಿಜವಾದ ಸೆಪ್ಸಿಸ್‌ಗೂ ವ್ಯತ್ಯಾಸ ಕಂಡರೆ ಮಾತ್ರ ಏನೋ ಸಿಕ್ಕಿದೆ ಎನ್ನಬಹುದು. ರಕ್ತ ತೆಗೆಯುವ ಹಿಂದಿನ ಕೆಲವು ಗಂಟೆಗಳನ್ನು ಬಿಟ್ಟು, ಅದಕ್ಕೂ ಹಿಂದಿನ ಅವಧಿಯಲ್ಲಿ ಸುಳಿವು ಉಳಿಯುತ್ತದೆಯೇ ಎಂದೂ ನೋಡಿ.

9. ಈಗ ಲೆಕ್ಕ

ಸಾಲುಗಳು ಲಕ್ಷಗಟ್ಟಲೆ ಇದ್ದರೂ ಮಕ್ಕಳು ನೂರೇ ಇರಬಹುದು. ನಿಮ್ಮ ಸ್ಯಾಂಪಲ್ ನೂರು. ಒಂದೇ ಮಗುವಿನ ಗಂಟೆಗಳು ಒಂದನ್ನೊಂದು ಹೋಲುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ ಬೇಕು. ಮಾಡೆಲ್ ಕಲಿಸುವಾಗ ಒಂದು ಮಗು ಒಂದೋ ಕಲಿಕೆಯ ಗುಂಪಿನಲ್ಲಿ, ಇಲ್ಲವೇ ಪರೀಕ್ಷೆಯ ಗುಂಪಿನಲ್ಲಿ ಇರಬೇಕು. ಅವಳಿಗಳನ್ನೂ ಬೇರ್ಪಡಿಸಬೇಡಿ.

ನಿಖರತೆಯ ಅಂಕಿಗೆ ಮರುಳಾಗಬೇಡಿ. 100 ಮಕ್ಕಳು, ತಲಾ 30 ದಿನ, ಒಟ್ಟು 3,000 ದಿನ ಅಂದುಕೊಳ್ಳಿ. ಅದರಲ್ಲಿ 20 ದಿನ ಸೆಪ್ಸಿಸ್. ಮಾಡೆಲ್‌ನ ಸೆನ್ಸಿಟಿವಿಟಿ (ಸೆಪ್ಸಿಸ್ ಇದ್ದ ದಿನಗಳಲ್ಲಿ ಎಷ್ಟನ್ನು ಹಿಡಿಯಿತು), ಸ್ಪೆಸಿಫಿಸಿಟಿ (ಇಲ್ಲದ ದಿನಗಳಲ್ಲಿ ಎಷ್ಟನ್ನು ಇಲ್ಲ ಎಂದಿತು) ಎರಡೂ 90%. ಕೇಳಲು ಚೆನ್ನಾಗಿದೆ. ಆದರೆ 18 ಸಲ ನಿಜ ಹೇಳಲು ಅದು 298 ಸಲ ಸುಳ್ಳು ಕೂಗುತ್ತದೆ. ಆಗಲೇ ಅಲಾರಂಗಳಿಂದ ಬೇಸತ್ತ ವಾರ್ಡಿಗೆ ಇದನ್ನು ಕೊಡುತ್ತೀರಾ? ಪೇಪರ್‌ನಲ್ಲಿ "ಒಂದು ನಿಜಕ್ಕೆ ಎಷ್ಟು ಸುಳ್ಳು" ಎಂದೇ ಬರೆಯಿರಿ.

10. ಬರೆಯುವುದು, ಹಂಚುವುದು

ಹೀಗೆ ಬೇರೆ ಕೆಲಸಕ್ಕೆ ಕೂಡಿದ ಆರೋಗ್ಯ ಡೇಟಾ ಬಳಸಿದ ಸಂಶೋಧನೆ ವರದಿಯಲ್ಲಿ ಏನೇನು ಇರಬೇಕು ಎಂದು ಹೇಳುವ ಪಟ್ಟಿಯೇ ಇದೆ: 2015ರಲ್ಲಿ ಬಂದ, ರೆಕಾರ್ಡ್ (RECORD) ಎಂಬ ಹೆಸರಿನದ್ದು. ಅದನ್ನು ಕೊನೆಯಲ್ಲಿ ತುಂಬುವುದಕ್ಕಿಂತ ಮೊದಲೇ ಓದಿಕೊಂಡರೆ ಕೆಲಸ ಉಳಿಯುತ್ತದೆ.

ಡೇಟಾ ಹಂಚುವಾಗ ಹೆಸರು, ಆಸ್ಪತ್ರೆ ನಂಬರ್ ತೆಗೆದರೆ ಸಾಲದು. ಸಣ್ಣ ಜಿಲ್ಲಾ ಆಸ್ಪತ್ರೆಯಲ್ಲಿ ವರ್ಷಕ್ಕೆ ಒಂದೇ 480 ಗ್ರಾಂ ಮಗು ಬದುಕಿದ್ದರೆ, ತೂಕ ಹೇಳಿದರೇ ಊರಿಗೆಲ್ಲ ಗೊತ್ತಾಗುತ್ತದೆ. ತೂಕವನ್ನೂ ವಾರವನ್ನೂ ಗುಂಪುಗಳಾಗಿ ಕೊಡಿ. ತಾರೀಖಿನ ಬದಲು "ಹುಟ್ಟಿದ ಇಷ್ಟನೇ ದಿನ" ಎಂದು ಕೊಡಿ. ಆದರೆ ದಿನದ ಗಂಟೆ ಉಳಿಸಿಕೊಳ್ಳಿ. ಡ್ಯೂಟಿ ಬದಲಾಗುವ ಹೊತ್ತು, ಹಾಲು ಕುಡಿಸುವ ಹೊತ್ತು ಡೇಟಾದಲ್ಲಿ ಕಾಣುತ್ತದೆ.

ನಿಮ್ಮ ಆಸ್ಪತ್ರೆಯ ಅನುಮತಿ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ ಪಿಕ್ಸ್ ಎಂಬ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳುವಂತಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅವಧಿಗೆ ಮುಂಚೆ ಹುಟ್ಟಿದ 10 ಮಕ್ಕಳ ಇಸಿಜಿ ಮತ್ತು ಉಸಿರಾಟದ ಅಲೆ ಅದರಲ್ಲಿದೆ. ಬಡಿತ ಇಳಿದ ಸಮಯಗಳನ್ನೂ ಗುರುತಿಸಿದ್ದಾರೆ. ಅಲ್ಲೇ ಇರುವ ಮಿಮಿಕ್-3ರಲ್ಲಿ ಬಾಸ್ಟನ್‌ನ ಆಸ್ಪತ್ರೆಯೊಂದರ ಸಾವಿರಾರು ನವಜಾತ ಶಿಶುಗಳ ದಾಖಲೆಗಳಿವೆ. ಅದಕ್ಕೆ ಆನ್‌ಲೈನ್ ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಬೇಕು. ನಿಮ್ಮ ಶುಚಿ ಮಾಡುವ ಕೋಡ್ ಅನ್ನು ಮೊದಲು ಪಿಕ್ಸ್ ಮೇಲೆ ಓಡಿಸಿ. ಅವರು ಗುರುತಿಸಿದ ಇಳಿತಗಳಲ್ಲಿ ಎಷ್ಟನ್ನು ನಿಮ್ಮ ನಿಯಮ "ಕೆಟ್ಟ ಸಿಗ್ನಲ್" ಎಂದು ಎಸೆಯಿತು ಎಂದು ಎಣಿಸಿ, ಆಮೇಲೆ ನಿಯಮ ತಿದ್ದಿ.